ಗಡಿಗಲ್ಲು ದಾಟಿದವಳು ಎಲ್ಲಿ ಮಲಗಿದಳು

ಬನಹಟ್ಟಿಯಲ್ಲಿ ಅಮಾವಾಸ್ಯೆಗೆ ಮಗ್ಗಗಳು ನಿಲ್ಲುತ್ತಿದ್ದವು. ಅಂದು ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತದೆಂದು ನಾವು ಮೂವರು ಗೆಳೆಯರು ಮಗ್ಗದ ಶೆಡ್ಡಿನಲ್ಲೇ ಸೇರಿ ಕಾದಂಬರಿ ಓದುತ್ತಿದ್ದೆವು: ಶೆಡ್ಡಿನ ಮಾಲೀಕ, ಬ್ಯಾಂಕಿನ ಗುಮಾಸ್ತ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು. ಗಟ್ಟಿಯಾಗಿ ಓದುವವನು ನಾನೇ.

ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಹೆಂಗಸಿಗೆ ಮಾತ್ರ ಅಂದೂ ರಜೆಯಿರಲಿಲ್ಲ. ಮರುದಿನದ ಮಗ್ಗಗಳಿಗಾಗಿ ರಾಟೆ ತಿರುಗಿಸುತ್ತ ಕೂತಿರುತ್ತಿದ್ದಳು. ಅವಳ ಕೊರಳಲ್ಲಿ ಕೆಂಪು ಬಿಳಿ ಮಣಿಗಳಿದ್ದವು; ಚಿಕ್ಕವಳಿದ್ದಾಗಲೇ ದೇವಿಗೆ ಬಿಟ್ಟಿದ್ದರು. ಬರುವ ಹುಣ್ಣಿಮೆಗೆ ಅವಳ ಮಗಳಿಗೂ ಮುತ್ತು ಕಟ್ಟಿಸುವುದೆಂದು ಇವಳ ತಾಯಿ, ಅಣ್ಣ ನಿಶ್ಚಯಿಸಿದ್ದರು. ಇವಳಿಗೆ ಬೇಡವಾಗಿತ್ತು. ಆ ಹೊತ್ತಿಗೆ ಅದನ್ನು ತಡೆಯುವ ಕಾಯ್ದೆಯೂ ಬಂದಿತ್ತು. ಇದೆಲ್ಲ ನಮಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹಿಂದೊಮ್ಮೆ ಬರೆದಿದ್ದೇನೆ, ಅದನ್ನು ನಂಬಬೇಡಿ.

ಆ ಸಲದ ಕಾದಂಬರಿ ಯಾವುದೋ ದೂರದೇಶದ್ದು. ಕಬ್ಬಿನ ತೋಟದಿಂದ ಓಡಿಹೋಗುವ ಗುಲಾಮ ಹೆಂಗಸಿನ ಕಥೆ. ಮಾಲೀಕರ ಅಧಿಕಾರ ನಡೆಯದ ಊರಿನ ಗಡಿಗಲ್ಲನ್ನು ಅವಳು ದಾಟುವಲ್ಲಿಗೆ ಪುಸ್ತಕ ಮುಗಿಯುತ್ತದೆ.

“ನಮ್ಮ ಮಹಾಲಿಂಗಪುರದ ಕಬ್ಬಿನ್ಯಾಗ ಹೊಕ್ಕಿದ್ರ ತಿಂಗಳಾದ್ರೂ ಸಿಗತಿರಲಿಲ್ಲ ಬಿಡಲೇ” ಎಂದ ಮಾಲೀಕ.

ರಾಟೆ ನಿಂತಿತು. “ಮಾಸ್ತರ್ರೀ, ಆ ಕಲ್ಲ ದಾಟಿದ ಮ್ಯಾಲ ಅವತ್ತ ಆಕಿ ಎಲ್ಲಿ ಮಲಗಿದ್ಳರೀ?”

“ಅದನ್ನ ಬರದವ ಬೇಕಂತನ ಬಿಟ್ಟಾನವಾ. ಅಲ್ಲಿಂದ ಮುಂದ ಓದೋರು ಕಲ್ಪಿಸ್ಕೋಬೇಕು.”

“ಆ ಊರಾಗ ಗುರ್ತಿನವ್ರು ಯಾರರೆ ಇದ್ರೇನ್ರಿ?”

“ಯಾರೂ ಇರಲಿಲ್ಲ.”

“ಹಂಗಾರ ತಿರುಗಿ ಸಿಕ್ಕಿರತಾಳ ಬಿಡ್ರಿ.”

“ಭಾರೀ ಪಾಯಿಂಟ್ ಹಿಡದಾಳಲೇ!” ಗುಮಾಸ್ತ ನನ್ನ ತೊಡೆ ತಟ್ಟಿದ. “ನಿನಗಿಂತ ಈಕೀನ ಛಲೋ ಮಾಸ್ತರಾಗತಾಳ.”

ನಕ್ಕೆವು. ಅವಳೂ ನಕ್ಕಳೆಂದು ನೆನಪು. ನನಗೆ ಅನುಕೂಲವಾದ ನೆನಪು. ಆಮೇಲೆ ನಾನು ಸುಮ್ಮನಾಗಲಿಲ್ಲ. ಬಿಡುಗಡೆಯ ಕಥೆಗೆ ಮುಕ್ತಾಯವೇಕೆ ಇರಬಾರದು ಎಂಬುದರ ಮೇಲೆ ಅರ್ಧ ತಾಸು ಮಾತಾಡಿದೆ. ರಾಟೆಯ ಸದ್ದು ನನ್ನ ಮಾತಿಗೆ ಅಡ್ಡಿಯಾಗುತ್ತದೆಂದು ಅವಳು ಅಷ್ಟೂ ಹೊತ್ತು ಕೈಕಟ್ಟಿ ಕೂತಿದ್ದಳು.

ಜಮಖಂಡಿಯಲ್ಲಿ ನನ್ನ ಮನೆಯ ಮಹಡಿಯ ಕೋಣೆ ಖಾಲಿ ಬಿದ್ದಿತ್ತು. ಅದು ಹೊಳೆದದ್ದು ಬಸ್ಸು ಹತ್ತಿ ಕೂತ ಮೇಲೆ. ಹೊಳೆದಾಗ ಬಸ್ಸು ಇನ್ನೂ ನಿಲ್ದಾಣದಲ್ಲೇ ಇತ್ತು. ಕಂಡಕ್ಟರ್ ಕೆಳಗೆ ಚಹಾ ಕುಡಿಯುತ್ತಿದ್ದ. ನಾನು ಇಳಿಯಲಿಲ್ಲ. ಮನೆಯಲ್ಲಿ ಏನೆನ್ನುತ್ತಾರೋ, ಓಣಿಯವರು ಏನೆನ್ನುತ್ತಾರೋ ಎಂದುಕೊಂಡೆ. ಹುಣ್ಣಿಮೆಗೆ ಇನ್ನೂ ಹದಿನೈದು ದಿನ ಇದೆ ಎಂದೂ ಅಂದುಕೊಂಡೆ.

ಮುಂದಿನ ಅಮಾವಾಸ್ಯೆಗೆ ಶೆಡ್ಡಿನಲ್ಲಿ ಎರಡು ರಾಟೆಗಳಿದ್ದವು. ಎರಡನೆಯದರ ಮುಂದೆ ಮಗಳು ಕೂತಿದ್ದಳು. ಕೊರಳಿನ ಹೊಸ ಮಣಿಗಳು ಚುಚ್ಚುತ್ತಿದ್ದವೇನೋ, ಮತ್ತೆಮತ್ತೆ ಬೆರಳು ಹಾಕಿ ಸರಿಸಿಕೊಳ್ಳುತ್ತಿದ್ದಳು. ನಾನು ಚೀಲದಿಂದ ಬೇರೊಂದು ಕಾದಂಬರಿ ತೆಗೆದೆ.

“ಇದೂ ಓಡಿಹೋದವರದ ಏನ್ರಿ?” ತಾಯಿ ಕೇಳಿದಳು.

ಹೌದೆಂದೆ.

“ಹಂಗಾರ ಇವತ್ತ ಬ್ಯಾಡ್ರಿ, ಮಾಸ್ತರ್ರ. ಬಾಜೂಕ ಮಗಳು ಕುಂತಾಳ.”