ದ್ವೀಪವಾಗದ ಗುಡ್ಡೆ

ಕಡಲ ಭೂವಿಜ್ಞಾನಿಯಾಗಿದ್ದ ನನ್ನ ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದಾಗ ನಡೆದ ಸಂಗತಿ ಇದು. ಆಗ ನಾನು ಒಂದು ಸಂಶೋಧನಾ ಹಡಗಿನ ಯಾನಕ್ಕೆ ಮುಖ್ಯ ವಿಜ್ಞಾನಿ. ನನ್ನೂರು ಕಡಬದ ಪೆರಾಬೆ. ರಜೆಯಲ್ಲಿ ಹೋದಾಗ ಅಲ್ಲಿ ಸಿಗುತ್ತಿದ್ದ ಪ್ರಶ್ನೆ ಒಂದೇ: "ಸಮುದ್ರದೊಳಗೆ ಗುಡ್ಡೆ ಉಂಟಾ? ಇದ್ರೆ ಯಾರಿಗೆ ಎಂತ ಪ್ರಯೋಜನ?" ವಿವರಿಸಿ ವಿವರಿಸಿ ಬಾಯಿ ಒಣಗಿ, ಕೊನೆಗೆ "ಸರ್ಕಾರಿ ಕೆಲಸ" ಎಂದಷ್ಟೇ ಹೇಳುತ್ತಿದ್ದೆ.

ಗುಡ್ಡೆಗಳಿವೆ, ಸಾವಿರಾರು ಇವೆ. ಸಮುದ್ರತಳದ ಅಡಿಯಿಂದ ಮ್ಯಾಗ್ಮಾ, ಅಂದರೆ ಕರಗಿದ ಶಿಲೆ, ಉಕ್ಕುತ್ತದೆ. ತಣ್ಣೀರು ತಾಗಿದೊಡನೆ ಅದರ ಹೊರಮೈ ಕಪ್ಪು ಗಾಜಾಗುತ್ತದೆ; ಒಳಗಿನದು ದಿಂಬಿನಾಕಾರದ ಬಸಾಲ್ಟ್ ಕಲ್ಲಾಗುತ್ತದೆ. ಇಂಥ ಕಲ್ಲುಗಳು ಒಂದರ ಮೇಲೊಂದು ಪೇರಿಕೊಳ್ಳುತ್ತಾ ಲಕ್ಷಾಂತರ ವರ್ಷಗಳಲ್ಲಿ ಬೆಟ್ಟ ಏಳುತ್ತದೆ. ಇದೇ ಸೀಮೌಂಟ್. ಕೆಲವು ನೀರಿನಿಂದ ಮೇಲೆದ್ದು ದ್ವೀಪಗಳಾಗುತ್ತವೆ. ಅಲೆಗಳು ಅವುಗಳ ನೆತ್ತಿ ಸವೆಸಿ ಚಪ್ಪಟೆ ಮಾಡುತ್ತವೆ. ಆಮೇಲೆ ಅವು ಮೆಲ್ಲಗೆ ಕುಸಿದು ಮುಳುಗುತ್ತವೆ. ಅಂಥದ್ದನ್ನು ಗಯೋಟ್ ಎನ್ನುತ್ತೇವೆ.

ನನಗೆ ಇದನ್ನೆಲ್ಲ ಕಲಿಸಿದವರು ಜಾಲ್ಸೂರಿನ ಕುಶಾಲಪ್ಪ ಸರ್. ಅವರು ಸೇವೆಯಲ್ಲಿದ್ದಾಗ ಹಿಂದೂ ಮಹಾಸಾಗರದ ನಡುವೆ, ಶಬ್ದ ಕಳಿಸಿ ಆಳ ಅಳೆಯುವ ಎಕೋ ಸೌಂಡರ್‌ನಲ್ಲಿ ಒಂದು ಚಪ್ಪಟೆ ನೆತ್ತಿಯನ್ನು ಕಂಡಿದ್ದರು. "ಅದು ದ್ವೀಪ ಮಾರಾಯ್ತಿ. ಅಲ್ಲಿ ಮಳೆ ಬಿದ್ದಿರ್ತದೆ, ಹಕ್ಕಿ ಕೂತಿರ್ತದೆ" ಎನ್ನುತ್ತಿದ್ದರು. ಆದರೆ ಹಡಗು ನಿಲ್ಲಿಸಿ ಕಲ್ಲು ತೆಗೆಯುವ ಅವಕಾಶ ಅವರಿಗೆ ಸಿಗಲೇ ಇಲ್ಲ. ನಿವೃತ್ತರಾಗಿ ಜಾಲ್ಸೂರು ಜಂಕ್ಷನ್ ಹತ್ತಿರದ ಚಿಕ್ಕ ತಾರಸಿ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಅವರ ಕಡಲು, ಕಲ್ಲಿನ ಮಾತು ಊರಿಗೆ ತಿಳಿಯದು, ಬೇರೆ ಮಾತು ಅವರಿಗೆ ಬಾರದು. ನನಗೆ ಫೋನು ಮಾಡಿದಾಗೆಲ್ಲ ಅದೊಂದೇ ಪ್ರಶ್ನೆ: "ನನ್ನ ದ್ವೀಪಕ್ಕೆ ಯಾವಾಗ ಹೋಗುದು ನೀನು?"

ಅಂತೂ ಹೋದೆ. ಕಬ್ಬಿಣದ ಬಾಯಿಯೂ ಸರಪಳಿಯ ಚೀಲವೂ ಇರುವ ಡ್ರೆಡ್ಜನ್ನು ಉಕ್ಕಿನ ಹಗ್ಗದಲ್ಲಿ ಇಳಿಸಿ, ಬೆಟ್ಟದ ನೆತ್ತಿಯಂಚನ್ನು ಕೆರೆಸಿದೆವು. ನಾನು ಹುಡುಕುತ್ತಿದ್ದದ್ದು ದ್ವೀಪವಾಗಿದ್ದರೆ ಸಿಗಬೇಕಾದ, ಅಲೆಗೆ ಉರುಟಾದ ಕಲ್ಲು, ಹವಳದ ಸುಣ್ಣಕಲ್ಲು. ಬಂದದ್ದು ಚೂಪು ಅಂಚಿನ, ಗಾಜಿನ ಸಿಪ್ಪೆಯ ಬಸಾಲ್ಟ್. ಆಳವಿಲ್ಲದ ನೀರಿನಲ್ಲಿ ಉಕ್ಕಿದ ಕಲ್ಲಾದರೆ ಅದರ ತುಂಬ ದೋಸೆಯಲ್ಲಿದ್ದಂತೆ ತೂತುಗಳಿರುತ್ತವೆ. ಆಳದಲ್ಲಿ ನೀರಿನ ಒತ್ತಡ ಗುಳ್ಳೆ ಏಳಗೊಡುವುದಿಲ್ಲ. ಈ ಕಲ್ಲು ಗಟ್ಟಿ, ಗುಳ್ಳೆಯ ಸುಳಿವೇ ಇಲ್ಲ. ಜಾಗ ಬದಲಿಸಿ ಬದಲಿಸಿ ಎಳೆದೆವು. ಎಲ್ಲ ಕಡೆಯೂ ಅದೇ. ಹೊಸ ನಕ್ಷೆ ನೋಡಿದರೆ, ಹಳೆಯ ಜ್ವಾಲಾಮುಖಿಯ ಬಾಯಿಯಲ್ಲಿ ಲಾವಾ ತುಂಬಿ ನೆತ್ತಿ ಸಮತಟ್ಟಾದಂತಿತ್ತು. ದ್ವೀಪ ಅಲ್ಲಿ ಯಾವತ್ತೂ ಇರಲಿಲ್ಲ.

ಜೊತೆಯವರು ಒಳ್ಳೆಯ ಫಲಿತಾಂಶವೆಂದು ಕೈ ಕುಲುಕಿದರು. ನನಗೆ ಅಳು ಬಂತು. ಸುತ್ತ ಬರೀ ನೀರು. ಯಾಕೆ ಅಳುತ್ತೀಯೆಂದು ತುಳುವಿನಲ್ಲಿ ಕೇಳುವ ಒಂದು ಜೀವವೂ ಹಡಗಿನಲ್ಲಿರಲಿಲ್ಲ.

ದಡ ಸೇರಿದ ಮೇಲೆ ಪ್ರಯೋಗಾಲಯದ ಪರೀಕ್ಷೆಯೂ ಅದನ್ನೇ ಹೇಳಿತು. ಸರ್‌ಗೆ ವಾಟ್ಸಾಪಿನಲ್ಲಿ ಬರೆದೆ, ಅಳಿಸಿದೆ. ಕೊನೆಗೆ ಅನುಮತಿ ಪಡೆದು ಒಂದು ತುಂಡು ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಪುತ್ತೂರಿನಲ್ಲಿ ಬಸ್ಸು ಹತ್ತಿದೆ. ಪಕ್ಕದ ಹೆಂಗಸು ಚೀಲ ಸರಿಸಲು ಹೋಗಿ ಭಾರಕ್ಕೆ ಬೆಚ್ಚಿದರು.

"ಅಬ್ಬ! ಎಂತ ಅಕ್ಕ ಇದು?"

"ಕಲ್ಲು. ಜಾಲ್ಸೂರಿಗೆ."

"ಜಾಲ್ಸೂರಿಗೆ ಕಲ್ಲು ಕೊಂಡು ಹೋಗುದಾ? ಅಲ್ಲಿ ಕಲ್ಲಿಗೆ ಬರವಾ ಮಾರಾಯ್ರೆ?"

ನಗಬೇಕಿತ್ತು. ಚೀಲವನ್ನು ಮಡಿಲಿಗೆಳೆದುಕೊಂಡೆ.

ನನ್ನನ್ನು ಕಂಡದ್ದೇ ಸರ್ ಒಳಗೋಡಿ, ಬಂದವರಿಗೆ ಮೊದಲು ಕೊಡುವ ಬೆಲ್ಲ, ನೀರು ತಂದರು. ನಾನು ಅಂಗಳದಲ್ಲೇ ನಿಂತಿದ್ದೆ. ನೀರು ಮುಟ್ಟಲು ಕೈ ಏಳಲಿಲ್ಲ. ನಮ್ಮ ಮನೆಗಳಲ್ಲಿ ಹಾಗೆ ನಿಲ್ಲುವುದು ಸಾವಿನ ಸುದ್ದಿ ತಂದವರು. ಹೊರಗೇ ನಿಂತು ಹೇಳಿ, ನೀರು ಮುಟ್ಟದೆ ಹೋಗುತ್ತಾರೆ. ಸರ್ ಮುಖ ಬಿಳಿಚಿಕೊಂಡಿತು.

"ಯಾರು ಮಾರಾಯ್ತಿ? ಯಾರು ಹೋದದ್ದು?"

"ದ್ವೀಪ, ಸರ್."

ಅವರು ಮೆಟ್ಟಿಲ ಮೇಲೆ ಕುಳಿತರು. ಕಲ್ಲು ಕೊಟ್ಟೆ. ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. "ಗುಳ್ಳೆ ಇಲ್ಲ" ಎಂದರು. ಬಹಳ ಹೊತ್ತು ಕಲ್ಲನ್ನು ಸವರುತ್ತಲೇ ಇದ್ದರು.

"ಹಾಗಾದ್ರೆ ಅದು ಬಿಸಿಲನ್ನೇ ಕಂಡದ್ದಿಲ್ಲ ಅಲ್ವಾ? ಪಾಪ."

ಆಮೇಲೆ ಇದ್ದಕ್ಕಿದ್ದಂತೆ ನನ್ನ ಮೇಲೆ ರೇಗಿದರು. "ಇನ್ನೂ ಅಲ್ಲೇ ನಿಂತದ್ದು ಎಂತಕ್ಕೆ? ಬಾ, ಬೆಲ್ಲ ತಿನ್ನು. ನೆತ್ತಿ ಹೇಗೆ ಚಪ್ಪಟೆ ಆಯ್ತು, ಸರಿಯಾಗಿ ಹೇಳು. ಇಲ್ಲಿ ನಾನು ಎಂತ ಹೇಳಿದ್ರೂ ಎಲ್ಲರೂ ಹೂಂ ಅಂತಾರೆ. ನಿಂದು ತಪ್ಪು ಅಂತ ಹೇಳ್ಲಿಕ್ಕೆ ಒಬ್ಬರೂ ಇಲ್ಲ ನಂಗೆ!"

ಕತ್ತಲಾಗುವ ತನಕ ಜಗಳವಾಡಿದೆವು. ಅಷ್ಟು ಖುಷಿಯಲ್ಲಿ ಅವರನ್ನು ನಾನು ಕಂಡಿರಲೇ ಇಲ್ಲ.

ಸರ್ ಈಗಿಲ್ಲ. ನಾನೂ ನಿವೃತ್ತಳಾಗಿ ಪುತ್ತೂರಿನಲ್ಲಿದ್ದೇನೆ. ನನ್ನ ಕೆಲಸ ಕಲಿಸಿದ್ದು ಇಷ್ಟು: ನಮ್ಮನ್ನು ತಿದ್ದಲು ಅಷ್ಟು ದೂರದಿಂದ ಬರುವವರೇ ನಮ್ಮವರು. ಲಾವಾ ತುಂಬಿ ನೆತ್ತಿ ಸಮತಟ್ಟಾಯಿತೆಂಬ ನನ್ನ ವಿವರಣೆಯೂ ನಾಳೆ ತಪ್ಪಾಗಬಹುದು. ಕೇಳಿದವರೆಲ್ಲ ಹೂಂ ಅನ್ನುತ್ತಾರೆ. ಯಾರಾದರೂ ಕಲ್ಲು ಹೊತ್ತು ಬಂದಾರೆಂದು ಡಬ್ಬಿಯಲ್ಲಿ ಬೆಲ್ಲ ಇಟ್ಟಿದ್ದೇನೆ. ಇನ್ನೂ ಯಾರೂ ಬಂದಿಲ್ಲ.