ಬೊಂಬೆಯಲ್ಲ, ಸಾವುಕಾರರು

ಜೋರಾಪುರ ಪೇಟೆಯ ಪೇಂಟರ್ ಪರಸಪ್ಪ ಮೂವತ್ತು ವರ್ಷ ಅಕ್ಷರ ಬರೆದವನು. ಟ್ರ್ಯಾಕ್ಟರಿನ ಹಿಂದೆ ‘ತಾಯಿಯ ಆಶೀರ್ವಾದ’, ದವಾಖಾನೆಯ ಮುಂದೆ ‘ಚಪ್ಪಲಿ ಹೊರಗೆ ಬಿಡಿ’. ಫ್ಲೆಕ್ಸ್ ಬಂದು ಅದೂ ಕಡಿಮೆಯಾದ ಮೇಲೆ ಅವನಿಗೆ ಉಳಿದದ್ದು ಒಂದೇ ಆಸೆ: ಸಾಯುವುದರೊಳಗೆ ಒಬ್ಬರ ಮುಖ ಬರೆಯಬೇಕು, ಯಾರೂ ಹೇಳಿಕೊಡದೆ ಮಂದಿ ‘ಥೇಟ್!’ ಅನ್ನಬೇಕು.

ಮುಖ ಸಿಕ್ಕಿತು. ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಶಿವಯೋಗೆಪ್ಪನವರಿಗೆ ತಮ್ಮ ಗತ್ತು ಫೋಟೊದಲ್ಲಿ ಹಿಡಿಸುವಂಥದ್ದಲ್ಲ ಎಂಬ ನಂಬಿಕೆಯಿತ್ತು. ‘ಕಣ್ಣಾಗ ಬೆಂಕಿ ಇರಬೇಕು ನೋಡಪಾ, ಮೀಸ್ಯಾಗ ಹುಲಿ,’ ಎಂದರು. ಪರಸಪ್ಪ ತಗಡಿನ ಮೇಲೆ ಇದ್ದದ್ದನ್ನು ಇದ್ದ ಹಾಗೇ ಬರೆದ. ಇದ್ದದ್ದೂ ಅವರು ಹೇಳಿದ ಹಾಗೇ ಇತ್ತು. ಹಳೆಯ ಚಾಳಿ ಬಿಡದೆ ಕೆಳಗೆ ಹೆಸರನ್ನೂ ಬರೆದ.

ಚಿತ್ರವನ್ನು ಪಡಸಾಲೆಯಲ್ಲಿ ಅಪ್ಪ, ಅಜ್ಜ, ಮುತ್ತಜ್ಜರ ಸಾಲಿಗೆ ತೂಗುಹಾಕಿದರು. ಅವರಿಗೆಲ್ಲ ಮಾಲೆಯಿದ್ದು ಯಜಮಾನರಿಗೊಬ್ಬರಿಗೇ ಇಲ್ಲದಿದ್ದರೆ ಚಂದ ಕಾಣದೆಂದು ಹೆಂಡತಿ ವಿಜಯಲಕ್ಷ್ಮೀ ಒಂದು ಮಾಲೆ ಹಾಕಿದರು. ಮರುದಿನ ಅವರ ಹತ್ತಿರ ಒಣದ್ರಾಕ್ಷಿ ಕೊಳ್ಳುವ ಗಾಂಧಿ ಚೌಕದ ಅಯೂಬ ಬಂದ. ಅಲ್ಲಿಯವರೆಗೆ ಅವನದು ಫೋನಿನ ವ್ಯವಹಾರ, ಮುಖ ನೋಡಿದವನಲ್ಲ. ಗೋಡೆ ನೋಡಿ, ಹೆಸರು ಓದಿ, ಎದುರಿಗೆ ಕೂತವರನ್ನು ಕೇಳಿದ: ‘ಯಾವಾಗ ಆತ್ರಿ? ಮಂಗಳವಾರ ಚೊಲೋ ಮಾತಾಡಿದ್ರಲ್ರಿ, ಪಾಪ!’

ಎದುರಿಗೆ ಕೂತವರು ಶಿವಯೋಗೆಪ್ಪನವರೇ. ಮಾಲೆ ಹಾಕಿದ ಮುಖವನ್ನು ಚಹಾ ಕುಡಿಯುವ ಮುಖದ ಜೊತೆ ಹೋಲಿಸಿ ನೋಡುವವರು ಯಾರು?

‘ಮನಿಯೊಳಗ ಇಟ್ರ ನನ್ನ ಸಾಯಸ್ತಾರ. ರೋಡಿನ ಮ್ಯಾಲ ಹಾಕು,’ ಎಂದರು ಸಾವುಕಾರರು. ಹೆಸರನ್ನು ಪರಸಪ್ಪನೇ ಅಳಿಸಿದ. ‘ಹೆಸರ ಓದಿ ಗುರ್ತ ಹಿಡದ್ರ ಅದೇನ ಗುರ್ತರೀ?’

ಸಾವುಕಾರರು ರಸ್ತೆ ಬದಿಗೆ ಕಟ್ಟಿಸುತ್ತಿದ್ದ ಹೊಸ ಮನೆಯ ಕಂಬಕ್ಕೆ ಚಿತ್ರ ಏರಿತು. ವಾರದೊಳಗೆ ಯಾರೋ ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಇನ್ಯಾರೋ ಹಳೆಯ ಚಪ್ಪಲಿ. ಅರ್ಧ ಕಟ್ಟಿದ ಮನೆಯ ಮೇಲೆ ಮೀಸೆಯ ಮುಖವೆಂದರೆ ದೃಷ್ಟಿಬೊಂಬೆ ಅಲ್ಲದೆ ಮತ್ತೇನು? ಕಳ್ಳಕವಟಗಿಯಲ್ಲಿ ಮನೆ ಕಟ್ಟಿಸುತ್ತಿದ್ದ ರುದ್ರವ್ವ ಪರಸಪ್ಪನನ್ನು ಹುಡುಕಿಕೊಂಡೇ ಬಂದಳು.

‘ಅಂಥಾದ ನನಗೂ ಒಂದ ಬರದ ಕೊಡೋ ಯಪ್ಪಾ. ಅಲ್ಲಿ ಕಾಗಿ ಸುದ್ದಾ ಕುಂದರೂದಿಲ್ಲಂತ.’

‘ಅದು ಬೊಂಬಿ ಅಲ್ಲಬೇ, ಶಿವಯೋಗೆಪ್ಪ ಸಾವುಕಾರ್ರು!’

‘ಏನರ ಹೆಸರಿಡು. ಹಲ್ಲ ಒಂದೀಟ ಹೊರಗ ಇರ್ಲಿ.’

ಸುದ್ದಿ ಕೇಳಿ ಶಿವಯೋಗೆಪ್ಪನವರು ಕುದ್ದುಹೋದರು. ‘ನಾನಽ ಅದರ ಕೆಳಗ ನಿಂದರತೇನಿ. ಮಂದಿ ತಾಳೆ ಹಚ್ಚಿ ನೋಡ್ಲಿ!’ ಸಂಜೆ ಐದಕ್ಕೆ ತಲೆಗೆ ಪಟಗಾ ಸುತ್ತಿ, ಕಣ್ಣು ಅಗಲಿಸಿ ಕಂಬದ ಕೆಳಗೆ ನಿಂತರು. ಎದುರಿನ ಚಹಾದಂಗಡಿಯಲ್ಲಿ ಪರಸಪ್ಪ ಉಸಿರು ಹಿಡಿದು ಕೂತ. ಎರಡು ಬಸ್ಸು ಹೋದವು. ಯಾರೂ ಏನೂ ಅನ್ನಲಿಲ್ಲ. ಅಷ್ಟರಲ್ಲಿ ಬೊಂಬೆಯನ್ನು ಇನ್ನೊಮ್ಮೆ ನೋಡಿ ಹೋಗಲು ರುದ್ರವ್ವ ಬಂದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು, ಮತ್ತೆ ಮೇಲೆ ನೋಡಿದಳು.

‘ಪರಸಪ್ಪಾ! ಓಡಿ ಬಾರೋ! ನಿನ್ನ ಬೊಂಬಿಯಂಥಾಂವ ಒಬ್ಬ ಬಂದ ನಿಂತಾನ. ಥೇಟ್ ಅದಽ!’

ಸಾವುಕಾರರು ಚಿತ್ರ ಇಳಿಸಲು ಏಣಿ ಕೇಳುತ್ತಿದ್ದರು. ಪರಸಪ್ಪ ರುದ್ರವ್ವನಿಗೆ ಒಂದು ಚಹಾ ಹೇಳಿದ. ಆಮೇಲೆ, ಹಲ್ಲು ಎಷ್ಟು ಹೊರಗೆ ಬರಬೇಕೆಂದು ಕೇಳಿದ.