ರಸ್ಮಿಯಾಳ ಗಟ್ಟಿಯಾಗದ ಸಾಬೂನು

ಅಚ್ಚಿಗೆ ಹೊಯ್ದು ಮೂರು ವಾರವಾದರೂ ರಸ್ಮಿಯಾಳ ಸಾಬೂನು ಗಟ್ಟಿಯಾಗಲೇ ಇಲ್ಲ. ಬೆರಳಿಟ್ಟರೆ ಬೆರಳು ಒಳಗೇ ಇಳಿಯುತ್ತಿತ್ತು.

ನಾಬ್ಲಸ್‌ನ ದಕ್ಷಿಣದ ಗುಡ್ಡದೂರಿನಲ್ಲಿ ಅವಳು ಇಪ್ಪತ್ತು ವರ್ಷದಿಂದ ಆಲಿವ್ ಎಣ್ಣೆಯ ಸಾಬೂನು ಬೇಯಿಸುತ್ತಿದ್ದಳು. ಈ ಸಲ ಪೇಟೆಯಲ್ಲಿ ಎಣ್ಣೆಯನ್ನು ಸಾಬೂನಾಗಿಸುವ ಕಾಸ್ಟಿಕ್ ಸೋಡಾ ಸಿಗಲಿಲ್ಲ. "ನಮ್ಮಜ್ಜಿ ಬೂದೀಲೇ ಮಾಡ್ತಿದ್ಲು, ನನಗೇನು ಕೈಯಿಲ್ವಾ?" ಎಂದವಳೇ ಆಲಿವ್ ಕಟ್ಟಿಗೆ ಸುಟ್ಟು, ಬೂದಿಗೆ ಸುಣ್ಣ ಬೆರೆಸಿ ನೀರಿಳಿಸಿ, ಅದರಲ್ಲಿ ಮೊಟ್ಟೆ ತೇಲುವಷ್ಟು ಕ್ಷಾರ ಬಂದಿದೆಯೆಂದು ನೋಡಿಕೊಂಡೇ ಎಣ್ಣೆ ಹಾಕಿ ಕುದಿಸಿದ್ದಳು.

ಹಜ್ ಯಾತ್ರೆ ಮಾಡಿಬಂದ ಅತ್ತೆ ಹಜ್ಜಾ ವಜೀಹಾ ಅಚ್ಚಿನೊಳಗೆ ಇಣುಕಿದಳು. "ಮೊಸರು ಚೆನ್ನಾಗಿ ಹೆಪ್ಪಾಗಿದೆ ಕಣೇ. ರೊಟ್ಟಿ ತರ್ಲಾ?"

ಮಾತು ಓಣಿಯೆಲ್ಲ ಹಬ್ಬಿತು. ಪಕ್ಕದ ಮನೆಯವಳು ಬಾಗಿಲಿಗೆ ಬಂದು ಚಮಚ ಕೊಟ್ಟು ಹೋದಳು. ರಸ್ಮಿಯಾಗೆ ಅಳಬೇಕೋ ನಗಬೇಕೋ ತಿಳಿಯದೆ ನಗುವೇ ಉಕ್ಕಿತು. ಬೋಗುಣಿ ತುಂಬ ಆ ಲೊಳಲೊಳ ಸಾಬೂನು ಹಿಡಿದು ಮಗಳ ಶಾಲೆಗೇ ನಡೆದಳು.

"ಯಮ್ಮಾ, ಬೇಡ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಮಗಳು ಲಮೀಸ್ ಗೇಟಿನ ತನಕ ಗೋಗರೆದಳು.

ರಸಾಯನಶಾಸ್ತ್ರದ ಟೀಚರು ಸುಹೈಲಾ ಬೋಗುಣಿ ನೋಡಿ, ಕಥೆ ಕೇಳಿ, ಗೋಡೆಯ ಆವರ್ತ ಕೋಷ್ಟಕದ ಮೊದಲ ಸಾಲಿಗೆ ಬೆರಳಿಟ್ಟಳು. ಮೇಲಿಂದ ಕೆಳಕ್ಕೆ ಇಳಿಯುವ ಸಾಲು.

"ಲಮೀಸಳಮ್ಮಾ, ನಿಮ್ಮಜ್ಜಿ ಕಾಲದಲ್ಲಿ ಸುಡ್ತಿದ್ದದ್ದು ಉಪ್ಪುನೆಲದ ಗಿಡ. ಅದರ ಬೂದೀಲಿ ಸೋಡಿಯಂ. ನೀವು ಸುಟ್ಟಿದ್ದು ಮರ. ಇದರಲ್ಲಿ ಹೆಚ್ಚು ಪೊಟ್ಯಾಸಿಯಂ. ಒಂದೇ ಮನೆತನ, ಆದ್ರೆ ಇದು ಒಂದು ಮೆಟ್ಟಲು ಕೆಳಗೆ. ಕೆಳಗಿಳಿದಷ್ಟೂ ಪರಮಾಣು ದಪ್ಪ ಆಗ್ತಾ ಹೋಗುತ್ತೆ, ಹಿಡಿತ ಸಡಿಲ ಆಗುತ್ತೆ. ಅದಕ್ಕೇ ನಿಮ್ಮ ಸಾಬೂನು ಮೆತ್ತಗೆ."

"ಅಯ್ಯೋ, ನಮ್ಮ ನಾದಿನಿ ಥರ!" ಎಂದಳು ರಸ್ಮಿಯಾ. "ಸರಿ, ಆ ದಪ್ಪನವನನ್ನ ಹೊರಗೆ ಹಾಕೋದು ಹೆಂಗೆ?"

"ಅಡಿಗೆ ಉಪ್ಪು ಹಾಕಿ. ಧಾರಾಳವಾಗಿ. ಉಪ್ಪಿನಲ್ಲಿರೋ ಸೋಡಿಯಂ ಬಂದು ಆ ಜಾಗದಲ್ಲಿ ಕೂತ್ಕೊಳ್ಳುತ್ತೆ." ಟೀಚರು ಬಾಗಿಲ ತನಕ ಬಂದು ಇನ್ನೊಂದು ಮಾತು ಸೇರಿಸಿದಳು. "ಲೋಕವೆಲ್ಲ ಕ್ಷಾರಕ್ಕೆ ಆಲ್ಕಲಿ ಅಂತಾರಲ್ಲ, ಅದು ನಮ್ಮ ಅರಬ್ಬಿ ಮಾತೇ. ಗಿಡ ಸುಟ್ಟ ಬೂದಿಗೆ ನಮ್ಮೋರು ಇಟ್ಟ ಹೆಸರು."

ರಸ್ಮಿಯಾ ಮನೆಗೆ ನಡೆದು ಬಂದಳೋ ಹಾರಿ ಬಂದಳೋ ಅವಳಿಗೇ ನೆನಪಿಲ್ಲ. ಸಾಬೂನನ್ನೆಲ್ಲ ಹಂಡೆಗೆ ಸುರಿದು, ನೀರು ಬೆರೆಸಿ ಕುದಿಸಿ, ಬೊಗಸೆ ಬೊಗಸೆ ಉಪ್ಪು ಎಸೆದಳು.

"ಸಾರು ಮಾಡ್ತಿದೀಯಾ?" ಎಂದಳು ಅತ್ತೆ.

"ಬಾಯ್ ಮುಚ್ಕೊಂಡು ನೋಡಿ, ಅತ್ತೆ!"

ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳು ಅತ್ತೆಗೆ ಹಾಗೆಂದದ್ದು ಅದೇ ಮೊದಲು. ಹಜ್ಜಾ ಹಂಡೆಯ ಹತ್ತಿರಕ್ಕೇ ಬಂದು ಬಗ್ಗಿ ನೋಡಿದಳು. ಹಂಡೆಯೊಳಗೆ ಹಾಲು ಒಡೆದಂತಾಯಿತು. ಬಿಳಿ ಗಂಟುಗಳು ಒಂದೊಂದಾಗಿ ಮೇಲೆದ್ದು, ಕೂಡಿಕೊಂಡು, ಕೆನೆಯಂತೆ ತೇಲಿದವು. ಕೆಳಗೆ ಕಂದು ನೀರು ಉಳಿಯಿತು. ರಸ್ಮಿಯಾ ಸೌಟೆತ್ತಿ ಕುಣಿದಳು. ಹಜ್ಜಾಳ ಮದುವೆಮನೆಯ ಉಲುಲು ಕೂಗು ಗುಡ್ಡದ ತುಂಬ ಕೇಳಿಸಿತು. ಕೇಳಿದವರು ಯಾರಿಗೋ ಗಂಡು ಗೊತ್ತಾಯಿತೆಂದು ಓಡಿ ಬಂದರು. ಬಂದವರಿಗೆಲ್ಲ ರಸ್ಮಿಯಾ ಸೋಡಿಯಂ, ಪೊಟ್ಯಾಸಿಯಂ ಎಂದು ಒಂದೇ ಉಸಿರಿಗೆ ವಿವರಿಸಿದಳು. ಯಾರಿಗೂ ಅರ್ಥವಾಗಲಿಲ್ಲ, ಆದರೂ ಎಲ್ಲರೂ ಚಪ್ಪಾಳೆ ಹೊಡೆದರು.

ಹೊಸದಾಗಿ ಅಚ್ಚಿಗೆ ಹಾಕಿದ್ದು ನಾಲ್ಕೇ ದಿನಕ್ಕೆ ಚಾಕುವಿನಿಂದ ಬಿಲ್ಲೆ ಕೊಯ್ಯುವಷ್ಟು ಬಿಗಿಯಾಯಿತು. ಆಮೇಲೆ ಹುಚ್ಚು ಇನ್ನೂ ಏರಿತು. ಟೀಚರು ಹೇಳಿಕೊಟ್ಟಂತೆ, ಆಮ್ಲವೋ ಕ್ಷಾರವೋ ಬಣ್ಣದಲ್ಲೇ ತೋರಿಸುವ ನೇರಳೆ ಎಲೆಕೋಸು ಕುದಿಸಿದ ನೀರಿನ ಶೀಶೆ ಹಿಡಿದು ಓಣಿಯಲ್ಲಿ ಕಂಡದ್ದಕ್ಕೆಲ್ಲ ಹನಿ ಬಿಟ್ಟಳು. ನಿಂಬೆರಸ ಕೆಂಪಾಯಿತು, ಆಮ್ಲ. ಬೂದಿ ನೀರು ಹಸಿರಾಯಿತು, ಪ್ರತ್ಯಾಮ್ಲ. ಅತ್ತೆಯ ಹಲ್ಲಿನ ಸೆಟ್ಟು ನೆನೆಸಿಟ್ಟ ಲೋಟಕ್ಕೂ ಹನಿ ಬಿದ್ದಾಗ ಮಾತ್ರ ಚಪ್ಪಲಿ ಹಾರಿ ಬಂತು.

ಮುಂದಿನ ವಾರದಿಂದ, ಟೀಚರಮ್ಮನ ಒಪ್ಪಿಗೆಯ ಮೇಲೆ, ರಸ್ಮಿಯಾ ಮಗಳ ರಸಾಯನಶಾಸ್ತ್ರದ ತರಗತಿಯ ಕೊನೆಯ ಬೆಂಚಿನಲ್ಲಿ ಕೂರತೊಡಗಿದಳು. ಲಮೀಸ್ ಮುಖ ಮುಚ್ಚಿಕೊಂಡು ಮೊದಲ ಬೆಂಚಿಗೆ ಹೋದಳು.